ಮೈಲುತುತ್ತ, ಸತುವಿನ ತಗಡು ಮತ್ತು ಇಪ್ಪತ್ತು ಅಚ್ಚುಗಳು

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಮಳೆಗಾಲ ಹತ್ತಿರವಾಯಿತೆಂದರೆ ಮೈಲುತುತ್ತದ (ಕಾಪರ್ ಸಲ್ಫೇಟಿನ) ಚೀಲಗಳು ಬಂದು ಬೀಳುತ್ತವೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ನಮ್ಮ ಮನೆಯ ಚೀಲದಿಂದ ಮಾತ್ರ ಪ್ರತಿ ವರ್ಷ ಎರಡು ಕಿಲೋ ತೋಟಕ್ಕೆ ಹೋಗದೆ ನನ್ನ ಕೋಣೆಗೆ ಬರುತ್ತದೆ. ಅಪ್ಪ ಅದನ್ನು ತೋಟದ ಖರ್ಚಿನ ಪುಸ್ತಕದಲ್ಲಿ ‘ಚಿತ್ರಕ್ಕೆ – 2 ಕಿಲೋ’ ಎಂದು ಬರೆದಿಡುತ್ತಾರೆ. ಆ ಎರಡು ಕಿಲೋದಲ್ಲಿ ನಾನು ಎಚಿಂಗ್ ಎಂಬ ಅಚ್ಚಿನ ಚಿತ್ರಗಳಿಗಾಗಿ ಸತುವಿನ ತಗಡುಗಳನ್ನು ಕೊರೆಯುತ್ತೇನೆ. ಕಳೆದ ವರ್ಷ ಹಾಗೆ ಕೊರೆದ ಒಂದು ತಗಡಿನ ಬಗ್ಗೆ, ಅದರಿಂದ ಬಂದ ಇಪ್ಪತ್ತು ಅಚ್ಚುಗಳ ಬಗ್ಗೆ ಇಲ್ಲಿ ವಿವರವಾಗಿ ಬರೆದಿಡಬೇಕೆನಿಸಿದೆ. ‘ಪ್ರಿಂಟ್ ಅಂದಮೇಲೆ ಎಷ್ಟು ಬೇಕಾದರೂ ತೆಗೆಯಬಹುದಲ್ಲ, ಇಪ್ಪತ್ತಕ್ಕೇ ಏಕೆ ನಿಲ್ಲಿಸಿದೆ?’ ಎಂದು ಕೇಳುವ ನೆಂಟರಿಗೆ ಊಟದ ಪಂಕ್ತಿಯಲ್ಲಿ ಕೂತು ಉತ್ತರ ಹೇಳಿ ಮುಗಿಸಲು ಇದುವರೆಗೆ ನನ್ನಿಂದ ಆಗಿಲ್ಲ.

ಎಚಿಂಗ್ ಎಂದರೇನೆಂದು ಕೇಳುವ ಹಿರಿಯರಿಗೆ ನಾನು ಹಳೆಯ ಬ್ಲಾಕುಗಳನ್ನು ನೆನಪಿಸುತ್ತೇನೆ. ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಪತ್ರಿಕೆಯ ಚಿತ್ರಗಳಿಗೂ ಲಗ್ನಪತ್ರಿಕೆಯ ಗಣಪತಿಗೂ ಸತುವಿನ ತಗಡನ್ನು ನೈಟ್ರಿಕ್ ಆಮ್ಲಕ್ಕೆ ತಿನ್ನಿಸಿ ಬ್ಲಾಕ್ ಮಾಡುತ್ತಿದ್ದರು. ಅಲ್ಲಿ ಆಮ್ಲ ತಿಂದ ಜಾಗ ತಗ್ಗಾಗಿ, ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತಿತ್ತು. ತಿನ್ನದೆ ಉಬ್ಬಿ ನಿಂತ ಜಾಗಕ್ಕೆ ಮಸಿ ಹತ್ತಿ ಅದು ಚಿತ್ರವಾಗುತ್ತಿತ್ತು. ಎಚಿಂಗ್‌ನಲ್ಲಿ ಇದೆಲ್ಲ ತಿರುವುಮುರುವು. ತಗಡಿನ ತಗ್ಗುಗಳಲ್ಲಿ ಮಸಿ ತುಂಬುತ್ತೇವೆ, ಮೇಲ್ಮೈಯನ್ನು ಒರೆಸಿ ಸ್ವಚ್ಛ ಮಾಡುತ್ತೇವೆ, ಒದ್ದೆ ಕಾಗದವನ್ನು ಭಾರಿ ಒತ್ತಡದಲ್ಲಿ ಆ ತಗ್ಗುಗಳೊಳಗೆ ತೂರಿಸಿ ಮಸಿಯನ್ನು ಎತ್ತಿಕೊಳ್ಳುತ್ತೇವೆ. ಆದ್ದರಿಂದಲೇ ಎಚಿಂಗ್‌ನ ಗೆರೆಯನ್ನು ಬೆರಳಿನಿಂದ ಮುಟ್ಟಿದರೆ ಅದು ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿಕೊಂಡಿರುವುದು ತಿಳಿಯುತ್ತದೆ.

ಈ ವಿದ್ಯೆಯ ಮೂಲ ಕವಚ ಮಾಡುವವರ ಕಮ್ಮಟದಲ್ಲಿದೆ. ಯುರೋಪಿನ ಕಮ್ಮಾರರು ಉಕ್ಕಿನ ಕವಚಗಳ ಮೇಲೆ ಬಳ್ಳಿ, ಹೂವು ಮೂಡಿಸಲು ಆಮ್ಲವನ್ನು ಬಳಸುತ್ತಿದ್ದರು. 1500ರ ಆಸುಪಾಸಿನಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಡೇನಿಯಲ್ ಹೋಪ್ಫರ್ ಅದೇ ಕೆಲಸವನ್ನು ಕಬ್ಬಿಣದ ತಗಡಿನ ಮೇಲೆ ಮಾಡಿ ಕಾಗದಕ್ಕೆ ಅಚ್ಚು ತೆಗೆದ. ಕಬ್ಬಿಣದ ಮೇಲೆ ಗೆರೆ ಒರಟಾಗಿ ಬರುತ್ತದೆ, ಜೊತೆಗೆ ತುಕ್ಕಿನ ಕಾಟ, ಹೀಗಾಗಿ ಮುಂದೆ ತಾಮ್ರ ಬಂತು. ನಮ್ಮ ಬೀದರಿನ ಬಿದ್ರಿ ಕುಶಲಕರ್ಮಿಗಳು ಅಚ್ಚಿನ ಗೊಡವೆಗೆ ಹೋದವರಲ್ಲವಾದರೂ ಅವರ ಕೆಲಸದ ಒಂದು ಹಂತವನ್ನು ಓದಿದಾಗ ನನಗೆ ರೋಮಾಂಚನವಾಗಿತ್ತು. ಸತುವೇ ಹೆಚ್ಚಾಗಿರುವ ಮಿಶ್ರಲೋಹದ ಪಾತ್ರೆಗೆ ಅವರು ಮೊದಲು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಗೀಚಿದ ಗೆರೆ ಹೊಳೆದು ಕಾಣುತ್ತದೆ, ಆ ಗೆರೆಯ ಜಾಡಿನಲ್ಲಿ ಉಳಿ ಓಡುತ್ತದೆ. ಮೈಲುತುತ್ತ ಸತುವನ್ನು ಮುಟ್ಟಿದಾಗ ಅಲ್ಲಿ ನಡೆಯುವುದೇ ನನ್ನ ಪ್ಲಾಸ್ಟಿಕ್ ಟ್ರೇಯಲ್ಲೂ ನಡೆಯುತ್ತದೆ.

ಕಳೆದ ವರ್ಷದ ತಗಡು 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ್ದು. ಚಿತ್ರ ನಮ್ಮ ಕೊನೆಗೌಡರದು, ಅಂದರೆ ಮರವೇರಿ ಅಡಿಕೆ ಗೊನೆ (ಕೊನೆ) ಕೊಯ್ಯುವವರದು. ಅಡಿಕೆ ಮರದ ತುದಿಯಲ್ಲಿ ಕೂತು, ಒಂದು ಕೈಯಲ್ಲಿ ಮರವನ್ನು ತಬ್ಬಿ, ಇನ್ನೊಂದು ಕೈಯ ಕತ್ತಿಯಿಂದ ಕೊನೆ ಕೊಯ್ಯುತ್ತಿದ್ದಾರೆ. ಕೊಯ್ದ ಕೊನೆ ಜಾರಿ ಇಳಿಯುವ ಹಗ್ಗ ಓರೆಯಾಗಿ ಚಿತ್ರದ ಅಂಚಿನಿಂದ ಆಚೆ ಹೋಗುತ್ತದೆ. ಹಿಂದೆಲ್ಲ ಮೋಡದ ಬೂದು.

ತಗಡಿಗೆ ಮಾಡುವ ಮೊದಲ ಉಪಚಾರ ಅಂಚುಗಳದು. ನಾಲ್ಕೂ ಅಂಚುಗಳನ್ನು ಅರದಿಂದ ಉಜ್ಜಿ ಇಳಿಜಾರು ಮಾಡದಿದ್ದರೆ ಪ್ರೆಸ್ಸಿನಲ್ಲಿ ಅವು ಕಾಗದವನ್ನೂ ಅದರ ಮೇಲೆ ಹಾಸುವ ಉಣ್ಣೆಯ ದಪ್ಪ ಬಟ್ಟೆಯಾದ ಫೆಲ್ಟನ್ನೂ ಕತ್ತರಿಸಿಬಿಡುತ್ತವೆ. ಆಮೇಲೆ ಸೀಮೆಸುಣ್ಣದ ಪುಡಿಯಿಂದ ತಿಕ್ಕಿ ಜಿಡ್ಡು ತೆಗೆಯಬೇಕು. ತೊಳೆದ ನೀರು ತಗಡಿನ ಮೇಲೆ ಹನಿಹನಿಯಾಗಿ ಒಡೆಯದೆ ಒಂದೇ ಪದರವಾಗಿ ನಿಂತರೆ ಜಿಡ್ಡು ಹೋಗಿದೆ ಎಂದರ್ಥ. ಅದರ ಮೇಲೆ ಆಮ್ಲವನ್ನು ತಡೆಯುವ ಲೇಪ, ನಮ್ಮ ವಿದ್ಯಾರ್ಥಿ ಭಾಷೆಯಲ್ಲಿ ‘ಗ್ರೌಂಡ್’: ಎರಡು ಪಾಲು ಜೇನುಮೇಣ, ಎರಡು ಪಾಲು ಬಿಟುಮೆನ್, ಒಂದು ಪಾಲು ರಾಳ. ಮೇಣವನ್ನು ನಾನು ತುಡುವೆ ಜೇನು ಸಾಕುವ ಪಕ್ಕದ ಊರಿನವರಿಂದ ತರುತ್ತೇನೆ. ಬಿಸಿ ಮಾಡಿದ ತಗಡಿನ ಮೇಲೆ ಈ ಉಂಡೆಯನ್ನು ಸವರಿ, ಚರ್ಮದ ರೋಲರಿನಿಂದ ತೆಳ್ಳಗೆ ಹರಡಿ, ತಗಡನ್ನು ಬೋರಲು ಹಿಡಿದು ಕೆಳಗಿನಿಂದ ಮೇಣದ ಬತ್ತಿಯ ಹೊಗೆ ತಾಗಿಸಿದರೆ ಲೇಪ ಕಾಡಿಗೆಯಂತೆ ಕಪ್ಪಾಗುತ್ತದೆ. ಹೊಗೆ ಹೆಚ್ಚಾಗಿ ಲೇಪ ಸುಟ್ಟರೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸಬೇಕು.

ಈ ಕಪ್ಪಿನ ಮೇಲೆ ಸೂಜಿಯಿಂದ ಬರೆಯುವ ಸುಖಕ್ಕಾಗಿಯೇ ಅನೇಕರು ಎಚಿಂಗ್‌ಗೆ ಬಂದಿದ್ದಾರೆ ಎಂದು ನನ್ನ ನಂಬಿಕೆ. ಲೋಹವನ್ನು ಕೊರೆಯುವ ಕೆಲಸ ಮುಂದೆ ದ್ರಾವಣದ್ದು. ಕೈ ಲೇಪವನ್ನು ಸರಿಸಿದರೆ ಸಾಕು, ಒತ್ತಬೇಕಾಗಿಲ್ಲ. ಹಾಗಾಗಿ ಗೆರೆ ಪೆನ್ನಿನಷ್ಟೇ ಸಲೀಸಾಗಿ ಓಡುತ್ತದೆ. ನನ್ನ ಸೂಜಿ ಗೋಣಿಚೀಲ ಹೊಲಿಯುವ ಹಳೆಯ ದಬ್ಬಣ, ಸಾಣೆ ಹಿಡಿದು ತುದಿಯನ್ನು ಸ್ವಲ್ಪ ಮೊಂಡು ಮಾಡಿದ್ದು. ತೀರಾ ಚೂಪಾದ ತುದಿ ಲೋಹದಲ್ಲಿ ಸಿಕ್ಕಿಕೊಂಡು ವಕ್ರಗೆರೆಯನ್ನು ಮುರಿಯುತ್ತದೆ.

ಆದರೆ ಆ ಸುಖದಲ್ಲಿಯೇ ನಾನು ಎಡವಿದೆ. ತಗಡಿನ ಮೇಲೆ ಬಲಕ್ಕಿದ್ದದ್ದು ಕಾಗದದ ಮೇಲೆ ಎಡಕ್ಕೆ ಬರುತ್ತದೆ ಎಂಬುದು ಮೊದಲ ವರ್ಷದ ಪಾಠ. ಹದಿನೈದು ವರ್ಷ ಈ ಕೆಲಸ ಮಾಡಿದ ಮೇಲೂ ಒಂದು ಸಂಜೆ ತೋಟದಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆಯೇ ತಗಡಿನ ಮೇಲೆ ಗೀಚಿಬಿಟ್ಟೆ. ಮೊದಲ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದು ಜಗಲಿಯಲ್ಲಿ ಒಣಗಲು ಹಾಕಿದಾಗ ಅಪ್ಪ ಕನ್ನಡಕ ಏರಿಸಿ ನೋಡಿ, ‘ಕೂಸೇ, ನಮ್ಮ ಕೊನೆಗೌಡ ಯಾವಾಗ ಎಡಚ ಆದ್ನೆ?’ ಎಂದರು. ಸತುವಿನ ಮೇಲಿನ ಗೆರೆಯನ್ನು ಹೆರೆದು, ಮಟ್ಟ ಮಾಡಿ, ಮತ್ತೆ ಬರೆಯಬಹುದು; ಆದರೆ ಇಡೀ ಮನುಷ್ಯನನ್ನೇ ತಿರುಗಿಸಬೇಕಾದರೆ ಹೊಸ ತಗಡೇ ಗತಿ. ಎರಡನೆಯ ತಗಡಿಗೆ ಕರಡು ಚಿತ್ರವನ್ನು ಟ್ರೇಸಿಂಗ್ ಕಾಗದದಲ್ಲಿ ಬರೆದು, ಮಗುಚಿ, ಎದುರಿಗೊಂದು ಕನ್ನಡಿ ಇಟ್ಟುಕೊಂಡು ಕೆಲಸ ಮಾಡಿದೆ.

ಕಾಲೇಜಿನಲ್ಲಿ ನಾವು ಸತುವಿಗೆ ನೈಟ್ರಿಕ್ ಆಮ್ಲವನ್ನೇ ಬಳಸುತ್ತಿದ್ದೆವು. ಗೆರೆಗಳ ಮೇಲೆ ಗುಳ್ಳೆಗಳು ಏಳುತ್ತವೆ, ಅವನ್ನು ಕೋಳಿಗರಿಯಿಂದ ಮೆಲ್ಲಗೆ ಸವರುತ್ತಿರಬೇಕು, ಇಲ್ಲವಾದರೆ ಗುಳ್ಳೆಯ ಅಡಿಯಲ್ಲಿ ಆಮ್ಲ ತಾಗದೆ ಗೆರೆ ತುಂಡುತುಂಡಾಗುತ್ತದೆ. ಗಂಟಲು ಕಟ್ಟುವ ಆ ಹೊಗೆಯನ್ನು ಸಾಗಿಸಲು ಒಂದೇ ಒಂದು ಫ್ಯಾನ್ ಇತ್ತು, ಅದೂ ಕೆಟ್ಟಿರುತ್ತಿತ್ತು. ಮನೆಯಲ್ಲಿ ಅಂಥದ್ದನ್ನು ಇಡುವ ಧೈರ್ಯ ನನಗಿಲ್ಲ. ತಾಮ್ರಕ್ಕಾದರೆ ಫೆರಿಕ್ ಕ್ಲೋರೈಡ್ ಇದೆ. ಸರ್ಕ್ಯೂಟ್ ಬೋರ್ಡ್ ಮಾಡುವವರಿಗೂ ಅದೇ ಬೇಕಾದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಸತುವಿಗೆ ಮೈಲುತುತ್ತ ಸಾಕು: ಒಂದು ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, ಅಷ್ಟೇ ತೂಕದ ಅಡುಗೆ ಉಪ್ಪು. ಉಪ್ಪು ಬೀಳುತ್ತಲೇ ನೀಲಿ ನೀರು ಹಸಿರಿಗೆ ತಿರುಗುತ್ತದೆ. ತಗಡನ್ನು ಅದರಲ್ಲಿ ಮುಳುಗಿಸಿದರೆ ಸತು ಕರಗಿ ನೀರಿಗೆ ಸೇರುತ್ತದೆ, ನೀರಿನಲ್ಲಿದ್ದ ತಾಮ್ರ ಹೊರಬಿದ್ದು ಗೆರೆಗಳ ಮೇಲೆ ಕೆಂಪು ಕೆಸರಾಗಿ ಕೂರುತ್ತದೆ. ಕೋಳಿಗರಿಯ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ, ಕೆಸರನ್ನು ಸವರುತ್ತಿರಬೇಕು. ಹಲವು ತಗಡುಗಳಾದ ಮೇಲೆ ದ್ರಾವಣದ ಬಣ್ಣ ಪೂರ್ತಿ ಇಳಿದುಹೋದರೆ ತಾಮ್ರವೆಲ್ಲ ಹೊರಬಂದಿದೆ ಎಂದು ತಿಳಿಯಬೇಕು. ಮಿಕ್ಕ ನೀರನ್ನು ಅಡಿಕೆ ಬುಡಕ್ಕೆ ಹಾಕಬಹುದೇ ಎಂದು ಅಪ್ಪ ಒಮ್ಮೆ ಕೇಳಿದ್ದರು. ಅದರಲ್ಲಿ ಉಪ್ಪಿದೆ ಎಂದ ಮೇಲೆ ಆ ಟ್ರೇಯನ್ನು ತೋಟದ ದಿಕ್ಕಿಗೇ ಒಯ್ಯಗೊಡುವುದಿಲ್ಲ.

ಗೆರೆಯ ಕಪ್ಪು ಅದರ ಆಳ ಅಗಲಗಳಿಂದ ಬರುತ್ತದೆ, ಆಳ ಅಗಲಗಳು ಸಮಯದಿಂದ ಬರುತ್ತವೆ. ದೂರದ ಮರಗಳ ಸೋಗೆಯ ಗೆರೆಗಳನ್ನು ನಾಲ್ಕು ನಿಮಿಷಕ್ಕೇ ಹೊರತೆಗೆದು, ತೊಳೆದು, ಒಣಗಿಸಿ, ಅವುಗಳ ಮೇಲೆ ವಾರ್ನಿಷ್ ಹಚ್ಚಿ ಮುಚ್ಚಿದೆ. ಉಳಿದದ್ದು ಮತ್ತೆ ದ್ರಾವಣಕ್ಕೆ. ಹಗ್ಗ, ಕೊನೆಯ ಎಳೆಗಳು, ಹತ್ತಿರದ ಮರದ ಉಂಗುರಗಳು, ಹೀಗೆ ಒಂದೊಂದನ್ನೇ ಮುಚ್ಚುತ್ತ ಬಂದು ಕೊನೆಗೆ ಕೊನೆಗೌಡರ ಬೆನ್ನಿನ ಅಂಚು ಮತ್ತು ಕತ್ತಿಯ ಕೆಳಗಿನ ನೆರಳು ಮಾತ್ರ ಉಳಿದವು. ಅವು ಒಟ್ಟು 40 ನಿಮಿಷ ಕೊರೆದವು. ಈ ಲೆಕ್ಕವನ್ನೆಲ್ಲ ತಗಡಿನ ಹೆಸರಿನ ಕೆಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಮಳೆಯ ಚಳಿಯಿದ್ದ ದಿನವಾದರೆ ಅದನ್ನೂ ಸೇರಿಸಿ, ಏಕೆಂದರೆ ತಣ್ಣಗಿನ ದ್ರಾವಣ ನಿಧಾನ.

ಮೋಡದ ಬೂದು ಗೆರೆಗಳಿಂದ ಬರುವಂಥದ್ದಲ್ಲ. ಅದಕ್ಕೆ ಅಕ್ವಾಟಿಂಟ್ ಬೇಕು. ಪಿಟೀಲಿನ ಕಮಾನಿಗೆ ತಿಕ್ಕುವ ರಾಳವನ್ನೇ ನುಣ್ಣಗೆ ಪುಡಿಮಾಡಿ, ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಧೂಳೆಬ್ಬಿಸಿ, ದಪ್ಪ ಕಣಗಳು ಕೆಳಗೆ ಬೀಳುವ ತನಕ ಅರ್ಧ ನಿಮಿಷ ಕಾದು, ತಗಡನ್ನು ಒಳಗೆ ತಳ್ಳುತ್ತೇನೆ. ಸಣ್ಣ ಕಣಗಳು ಮಂಜು ಬಿದ್ದ ಹಾಗೆ ಅದರ ಮೇಲೆ ಕೂರುತ್ತವೆ. ಕೆಳಗಿನಿಂದ ಸ್ಪಿರಿಟ್ ದೀಪದಿಂದ ಬಿಸಿ ಮಾಡಿದಾಗ ಆ ಬಿಳಿ ಪುಡಿ ಇದ್ದಕ್ಕಿದ್ದಂತೆ ಮಾಯವಾಗಿ ಪಾರದರ್ಶಕ ಹನಿಗಳಾಗುತ್ತದೆ. ಆ ಕ್ಷಣದಲ್ಲಿ ದೀಪವನ್ನು ಸರಿಸದಿದ್ದರೆ ಹನಿಗಳೆಲ್ಲ ಒಂದಕ್ಕೊಂದು ಸೇರಿ ಕೆಲಸ ಕೆಡುತ್ತದೆ. ಹನಿಗಳ ನಡುವಿನ ಸಂದಿಗಳನ್ನು ದ್ರಾವಣ ಕೊರೆದಾಗ ತಗಡು ತರಿತರಿಯಾಗಿ ಮಸಿಯನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ತೇಲುವ ರಾಳದ ಧೂಳು ಬೆಂಕಿ ಕಂಡರೆ ಸ್ಫೋಟಿಸಬಲ್ಲದು, ಶ್ವಾಸಕೋಶಕ್ಕೂ ಕೆಟ್ಟದ್ದು. ಪೆಟ್ಟಿಗೆ ಒಂದು ಕೋಣೆಯಲ್ಲಿ, ದೀಪ ಇನ್ನೊಂದರಲ್ಲಿ ಇರುವಂತೆ ಮಾಡಿಕೊಂಡಿದ್ದೇನೆ.

ಅಕ್ವಾಟಿಂಟ್ ಎಂದರೆ ಕಲಾವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಸ್ಪೇನಿನ ಗೋಯಾ, 1799ರಲ್ಲಿ ಆತ ಪ್ರಕಟಿಸಿದ 80 ಚಿತ್ರಗಳ ಕಾಪ್ರಿಚೋಸ್. ನನಗೆ ಮಾತ್ರ ನಮ್ಮದೇ ನಾಡಿನ ಹಳೆಯ ಅಕ್ವಾಟಿಂಟ್‌ಗಳು ನೆನಪಾಗುತ್ತವೆ. ಟಿಪ್ಪುವಿನೊಡನೆ ಯುದ್ಧಕ್ಕೆ ಬಂದ ಕಂಪನಿ ಸೈನ್ಯದ ಜೊತೆಗಿದ್ದ ಸರ್ವೆ ಅಧಿಕಾರಿ ಕೋಲ್‌ಬ್ರೂಕ್ ಮೈಸೂರು ರಾಜ್ಯದಲ್ಲಿ ಬರೆದುಕೊಂಡ ಹನ್ನೆರಡು ನೋಟಗಳು 1790ರ ದಶಕದಲ್ಲಿ ಲಂಡನ್ನಿನಲ್ಲಿ ಅಕ್ವಾಟಿಂಟ್ ಆಗಿ ಅಚ್ಚಾದವು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ ಜೋಡಿ ಭಾರತವನ್ನು ಸುತ್ತಿ 1795ರಿಂದ 1808ರವರೆಗೆ ಹೊರತಂದ 144 ಚಿತ್ರಗಳೂ ಅದೇ ಬಗೆಯವು. ಅವುಗಳಲ್ಲಿನ ಆಕಾಶವನ್ನು ಭೂತಗನ್ನಡಿಯಲ್ಲಿ ನೋಡಿದರೆ ರಾಳದ ಒಂದೊಂದು ಕಣದ ಸುತ್ತಲಿನ ಬಲೆ ಕಾಣುತ್ತದೆ. ಭಾರತೀಯರೇ ಈ ವಿದ್ಯೆಯನ್ನು ತಮ್ಮದಾಗಿಸಿಕೊಂಡದ್ದು ಬಹಳ ತಡವಾಗಿ. 1916ರಲ್ಲಿ ಅಮೆರಿಕಕ್ಕೆ ಹೋಗಿ ಎಚಿಂಗ್ ಕಲಿತು ಬಂದ ಬಂಗಾಳದ ಮುಕುಲ್ ಡೇ ಅವರಿಂದ ಆ ಕಥೆಯನ್ನು ಆರಂಭಿಸುವುದು ವಾಡಿಕೆ.

ಮಲೆನಾಡಿನಲ್ಲಿ ತಗಡು ಕೊರೆಯಲು ಮಳೆಗಾಲ ಅಡ್ಡಿಯಲ್ಲ, ಅಚ್ಚು ತೆಗೆಯಲು ಮಾತ್ರ ಆಗದು. ಒದ್ದೆ ಕಾಗದ ವಾರಗಟ್ಟಲೆ ಒಣಗದೆ ಬೂಷ್ಟು ಹಿಡಿಯುತ್ತದೆ. ಒಂದು ಜುಲೈನಲ್ಲಿ ಹಟಕ್ಕೆ ಬಿದ್ದು ತೆಗೆದ ಒಂಬತ್ತು ಅಚ್ಚುಗಳ ಮೇಲೆ ಹಸಿರು ಚುಕ್ಕೆಗಳು ಎದ್ದ ಮೇಲೆ ಬುದ್ಧಿ ಬಂತು. ಹಾಗಾಗಿ ನನ್ನ ಅಚ್ಚಿನ ಕೆಲಸ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಸರಿಯಾಗಿ ಅಡಿಕೆ ಕೊಯ್ಲಿನ ಹೊತ್ತಿಗೆ. ಅಂಗಳದಲ್ಲಿ ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವವರ ಮಾತು, ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ, ಒಳಗೆ ನಾನು ಮತ್ತು ಪ್ರೆಸ್. ಆ ದಿನಗಳಲ್ಲಿ ಮನೆಯವರೆಲ್ಲರ ಕೈ ಚೊಗರಿನಿಂದ ಕೆಂಪಾಗಿರುತ್ತದೆ, ನನ್ನದು ಕಪ್ಪು.

ಕಾಗದ ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ಕೈಯಿಂದ ತಯಾರಾದದ್ದು. ಬನಿಯನ್ ಬಟ್ಟೆಯ ಹತ್ತಿ ಚಿಂದಿಯನ್ನು ಅರೆದು ಮಾಡಿದ ಈ ಕಾಗದದ ನಾರು ಗಟ್ಟಿ. ಪ್ರೆಸ್ಸಿನ ಒತ್ತಡಕ್ಕೆ ಹಿಗ್ಗಿ ಗೆರೆಯೊಳಗೆ ಇಳಿಯುತ್ತದೆಯೇ ಹೊರತು ಹರಿಯುವುದಿಲ್ಲ. ಜರ್ಮನಿ, ಇಟಲಿಯ ಕಾಗದಗಳು ಇದಕ್ಕಿಂತ ನಯವಾಗಿರುತ್ತವೆ ಎಂಬುದು ನಿಜ, ಬೆಲೆಯೂ ಹಾಗೆಯೇ ಇರುತ್ತದೆ. ಹಿಂದಿನ ರಾತ್ರಿ ಹಾಳೆಗಳನ್ನು ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಇಟ್ಟು, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೊಂದು ಹಲಗೆ ಹೇರುತ್ತೇನೆ. ಬೆಳಗ್ಗೆ ಹಾಳೆ ಕೆನ್ನೆಗೆ ತಾಗಿಸಿದರೆ ತಂಪಾಗಿರಬೇಕು, ಆದರೆ ನೀರು ಹೊಳೆಯಬಾರದು.

ಅಗಸೆ ಎಣ್ಣೆಯಲ್ಲಿ ಅರೆದ ಮಸಿಯನ್ನು ಬೆಚ್ಚಗಿನ ತಗಡಿಗೆ ರಟ್ಟಿನ ತುಂಡಿನಿಂದ ಬಳಿದು, ಪ್ರತಿಯೊಂದು ಗೆರೆಗೂ ತುಂಬುವಂತೆ ನಾಲ್ಕೂ ದಿಕ್ಕಿನಿಂದ ಒತ್ತುತ್ತೇನೆ. ಆಮೇಲೆ ಒರೆಸುವುದು. ಈ ವೃತ್ತಿಯಲ್ಲಿ ಕಲಿಸಲು ಬಾರದ ಭಾಗ ಇದೊಂದೇ. ಗಂಜಿ ಹಾಕಿದ ಜಾಳು ಬಟ್ಟೆಯನ್ನು ಕೈಯಲ್ಲಿ ಉಜ್ಜಿ ಬಿರುಸು ಮುರಿದು, ಉಂಡೆ ಕಟ್ಟಿ, ತಗಡಿನ ಮೇಲೆ ವರ್ತುಲವಾಗಿ ಆಡಿಸುತ್ತ ಹೋದರೆ ಕಪ್ಪಿನೊಳಗಿಂದ ಚಿತ್ರ ಏಳುತ್ತದೆ. ಬಟ್ಟೆ ಮೆತ್ತಗಿದ್ದರೆ ಗೆರೆಯೊಳಗೆ ಇಳಿದು ಮಸಿಯನ್ನು ಎಳೆದುಹಾಕುತ್ತದೆ, ಬಿರುಸಾಗಿದ್ದರೆ ತಗಡಿನ ಮೇಲೆ ಗೀರು ಬೀಳುತ್ತದೆ. ಮೂರು ಬಟ್ಟೆ ಬದಲಾಯಿಸಿದ ಮೇಲೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು, ಕೈಯ ಅಂಚಿನಿಂದ ಬೀಸಿ ಒರೆಸುತ್ತೇನೆ. ಮೋಡದ ಬಲ ಮೂಲೆಯಲ್ಲಿ ಕೈ ಹಗುರ, ಕೊನೆಗೌಡರ ಭುಜದ ಮೇಲೆ ಎರಡು ಬಾರಿ ಹೆಚ್ಚು, ಏಕೆಂದರೆ ಅಲ್ಲಿ ಬಿಸಿಲು ಬೀಳುತ್ತಿದೆ. ತಗಡಿನ ಅಂಚುಗಳನ್ನು ಚಿಂದಿಯಿಂದ ಒರೆಸಿ ಪ್ರೆಸ್ಸಿನ ಹಾಸಿನ ಮೇಲಿಟ್ಟು, ಕಾಗದ, ಅದರ ಮೇಲೆ ಮೂರು ಫೆಲ್ಟ್, ಆಮೇಲೆ ಚಕ್ರ. ಫೆಲ್ಟ್ ದುಬಾರಿಯೆಂದು ಮೊದಮೊದಲು ಮನೆಯ ಕರಿ ಕಂಬಳಿಯನ್ನೇ ಮಡಿಸಿ ಹಾಕಿದ್ದೆ. ಕಂಬಳಿಯ ನೇಯ್ಗೆ ಚಿತ್ರದ ತುಂಬ ಚೌಕಳಿ ಚೌಕಳಿಯಾಗಿ ಮೂಡಿ ಬಂತು.

ಒಂದು ಅಚ್ಚಿಗೆ ಮುಕ್ಕಾಲು ಗಂಟೆ. ದಿನಕ್ಕೆ ಐದು ತೆಗೆದರೆ ಆರನೆಯದಕ್ಕೆ ತೋಳು ಒಪ್ಪುವುದಿಲ್ಲ. ಮೊದಲು ಹಲವು ಪ್ರೂಫ್ ತೆಗೆದು, ಒತ್ತಡ ಮತ್ತು ಒರೆಸುವ ರೀತಿಯನ್ನು ತಿದ್ದಿ, ‘ಇದೇ ಸರಿ’ ಎನಿಸಿದ ಒಂದು ಹಾಳೆಯನ್ನು ಗೋಡೆಗೆ ಸಿಕ್ಕಿಸಿಡುತ್ತೇನೆ. ಎಡಿಷನ್ನಿನ (ಸಂಖ್ಯೆ ಹಾಕಿ ಸಹಿ ಮಾಡುವ ಗುಂಪಿನ) ಪ್ರತಿಯೊಂದು ಅಚ್ಚೂ ಆ ಹಾಳೆಯ ಪಕ್ಕದಲ್ಲಿ ನಿಂತು ಪರೀಕ್ಷೆ ಕೊಡಬೇಕು. ಕಳೆದ ಚಳಿಗಾಲ 27 ತೆಗೆದೆ, 20 ಪಾಸಾದವು. ಫೇಲಾದ ಏಳರಲ್ಲಿ ನಾಲ್ಕು ನೋಡುವವರ ಕಣ್ಣಿಗೆ ಬೇರೆಯಾಗಿ ಕಾಣುತ್ತಿರಲಿಲ್ಲವೇನೋ. ಮೋಡ ಸ್ವಲ್ಪ ಬೆಳ್ಳಗಾಗಿತ್ತು, ಅಷ್ಟೇ. ಅವನ್ನು ಹರಿದುಹಾಕಿದೆ. ಒಂದೇ ಚಿತ್ರವನ್ನು ಇಪ್ಪತ್ತು ಸಲ ಒಂದೇ ಮನಸ್ಸಿನಿಂದ ಒರೆಸುವುದು ಅದನ್ನು ಬರೆಯುವುದಕ್ಕಿಂತ ಕಷ್ಟ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಇಪ್ಪತ್ತಕ್ಕೇ ಏಕೆ ಎಂಬ ಪ್ರಶ್ನೆಗೆ ಇನ್ನೊಂದು ಉತ್ತರ ತಗಡಿನದು. ಸತು ಮೆದು ಲೋಹ. ಪ್ರತಿ ಒರೆಸುವಿಕೆಯಲ್ಲಿ, ಪ್ರತಿ ಒತ್ತಡದಲ್ಲಿ ಅಕ್ವಾಟಿಂಟ್‌ನ ತರಿಗಳು ಒಂದಿಷ್ಟು ಸವೆಯುತ್ತವೆ. ಕಡು ಗೆರೆಗಳು ಬಹುಕಾಲ ಬಾಳುತ್ತವೆ, ಮೋಡದ ತೆಳು ಬೂದು ಮೊದಲು ಹೋಗುತ್ತದೆ. 27ನೆಯದನ್ನು ಮೊದಲನೆಯದರ ಪಕ್ಕ ಇಟ್ಟಾಗ ಆ ಇಳಿತ ನನಗೆ ಕಾಣತೊಡಗಿತ್ತು. ಹಿಂದಿನವರು ಈ ಮಿತಿಯನ್ನು ಇಷ್ಟು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಡಚ್ ಚಿತ್ರಕಾರ ರೆಂಬ್ರಾಂಟ್ 1669ರಲ್ಲಿ ತೀರಿಕೊಂಡ ಮೇಲೂ ಅವನ ತಾಮ್ರದ ತಗಡುಗಳು ಕೈಯಿಂದ ಕೈಗೆ ಹೋಗಿ, ತಿದ್ದಿಸಿಕೊಂಡು, 20ನೆಯ ಶತಮಾನದ ಆರಂಭದವರೆಗೂ ಅಚ್ಚಾಗುತ್ತಲೇ ಇದ್ದವು. ಕೊನೆಕೊನೆಯ ಅಚ್ಚುಗಳಲ್ಲಿ ಅವನ ಆ ಗಾಢ ಕತ್ತಲೆ ಬೂದಿಯ ಬಣ್ಣಕ್ಕೆ ಬಂದಿದೆ. ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿ, ಪೆನ್ಸಿಲಿನಲ್ಲಿ ಸಹಿ ಹಾಕುವ ಪದ್ಧತಿ ಬಲಗೊಂಡದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಅಮೆರಿಕ ಮೂಲದ ಕಲಾವಿದ ವಿಸ್ಲರ್ ಮುಂತಾದವರ ಕಾಲದಲ್ಲಿ. ಅದರಲ್ಲಿ ವ್ಯಾಪಾರದ ಜಾಣತನವೂ ಇತ್ತೆಂದು ಒಪ್ಪಿಕೊಳ್ಳಬೇಕು.

ಚಿತ್ರದ ಕೆಳಗೆ ಎಡಕ್ಕೆ 7/20 ಎಂದು ಬರೆದಿದ್ದರೆ ಇಪ್ಪತ್ತರಲ್ಲಿ ಏಳನೆಯದು ಎಂದರ್ಥ. ಹಾಳೆಗಳೆಲ್ಲ ಒಣಗಿದ ಮೇಲೆ ಒಟ್ಟಿಗೆ ಸಂಖ್ಯೆ ಹಾಕುವುದರಿಂದ ಅದು ಪ್ರೆಸ್ಸಿನಿಂದ ಏಳನೆಯದಾಗಿಯೇ ಬಂದಿರಬೇಕೆಂದಿಲ್ಲ. ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಎಂದಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ನಾನು ಎರಡು ಇಟ್ಟುಕೊಂಡೆ, ಲೆಕ್ಕದ 27ರ ಹೊರಗೆ. ಬೆಂಗಳೂರಿನ ಗ್ಯಾಲರಿಯೊಂದು ಚಿತ್ರವನ್ನು ಮೆಚ್ಚಿ, ಸ್ಕ್ಯಾನ್ ಮಾಡಿಸಿ ಇಂಕ್‌ಜೆಟ್‌ನಲ್ಲಿ 200 ಪ್ರತಿ ತೆಗೆಸೋಣ, ನೀವು ಸಂಖ್ಯೆ ಹಾಕಿ ಸಹಿ ಮಾಡಿಕೊಡಿ ಎಂದಿತು. ಅದನ್ನು ಪೋಸ್ಟರ್ ಎಂದು ಮಾರುವುದಾದರೆ ನನ್ನ ತಕರಾರಿಲ್ಲ, ‘ಲಿಮಿಟೆಡ್ ಎಡಿಷನ್ ಎಚಿಂಗ್’ ಎನ್ನುವುದು ಸುಳ್ಳಾಗುತ್ತದೆ ಎಂದು ಬರೆದೆ. ಉತ್ತರ ಬರಲಿಲ್ಲ.

ಫೆಬ್ರವರಿ ಕೊನೆಗೆ ಕಡೆಯ ಸಹಿ ಹಾಕಿದ ಮೇಲೆ ತಗಡನ್ನು ರದ್ದು ಮಾಡುವ ಕೆಲಸವಿತ್ತು. ಮೂಲೆಯಿಂದ ಮೂಲೆಗೆ ಆಳವಾದ ಎರಡು ಗೆರೆ ಎಳೆದು, ಹಾಗೆ ಎಳೆದದ್ದಕ್ಕೆ ಸಾಕ್ಷಿಯಾಗಿ ಒಂದು ಅಚ್ಚು ತೆಗೆದು ಇಡುವುದು ರೂಢಿ. ದಬ್ಬಣ ಸಾಲದೆ ಉಳಿಯನ್ನೇ ಹಿಡಿದೆ. ಮೊದಲ ಗೆರೆ ಮೋಡವನ್ನು ಸೀಳಿಕೊಂಡು ಕೊನೆಗೌಡರ ಸೊಂಟದ ಬಳಿ ಬಂದಾಗ ಕೈ ತಾನಾಗಿ ಸ್ವಲ್ಪ ಪಕ್ಕಕ್ಕೆ ಸರಿಯಿತು. ಆ ಸಾಕ್ಷಿ ಅಚ್ಚಿನಲ್ಲಿ ಅವರ ಮೈಗೆ ಗೆರೆ ತಾಗಿಲ್ಲ.

ಕೆಟ್ಟುಹೋದ ಮೊದಲ ತಗಡಿನ ಎಡಚ ಕೊನೆಗೌಡರ ಪ್ರೂಫನ್ನು ಅಪ್ಪ ಕೇಳಿ ಪಡೆದು, ಮೈಲುತುತ್ತದ ಚೀಲಗಳಿರುವ ಕೊಟ್ಟಿಗೆಯ ಗೋಡೆಗೆ ಹಚ್ಚಿದ್ದಾರೆ. ಈ ಜೂನ್‌ನಲ್ಲಿ ಔಷಧಿ ಹೊಡೆಯಲು ಬಂದ ಕೊನೆಗೌಡರು ಪಂಪಿನ ಪೈಪು ಬಿಡಿಸುತ್ತ ಅದನ್ನು ಬಹಳ ಹೊತ್ತು ನೋಡಿದರು. ಕೈಯ ವಿಷಯವನ್ನೇ ಎತ್ತಲಿಲ್ಲ. ಅಂಚಿನಿಂದ ಆಚೆ ಹೋಗಿರುವ ಹಗ್ಗದ ಮೇಲೆ ಬೆರಳಿಟ್ಟು, ‘ಕೆಳಗೆ ಇದನ್ನ ಹಿಡಿದೋರು ಯಾರು ಅಮ್ಮಾ?’ ಎಂದು ಕೇಳಿದರು.